ಲಾಗಿನ್ ಮುಟ್ಟಿದ್ದು ಯಾರು?

ಸ್ವಲ್ಪ ಉದ್ದ ಆಗಿದೆ, ಪುರುಸೊತ್ತಿನಲ್ಲಿ ಓದಿ. ನಿಮ್ಮ ಮನೆಯಲ್ಲಿ ಯಾವುದಾದರೂ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿಯುವ ಮಕ್ಕಳಿದ್ದರೆ ಅವರಿಗೂ ಓದಿಸಿ.

ಮೊನ್ನೆ ಬುಧವಾರ ನಮ್ಮ ಆದಿ ಉಡುಪಿಯ ಸಂತೆ. ತರಕಾರಿ ಚೀಲ ಹಿಡಿದು ಹೊರಗೆ ಬರುವಾಗ ಪರಿಚಯದ ಹುಡುಗಿಯೊಬ್ಬಳು ಸಿಕ್ಕಿದಳು. ನಮ್ಮವಳೇ. ಬಿ.ಕಾಂ ಮಾಡಿದ್ದಾಳೆ, ಹೊರ ಜಿಲ್ಲೆಯ ಒಂದು ವಿಶ್ವವಿದ್ಯಾಲಯದಲ್ಲಿ ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್. ರಜೆಯಲ್ಲಿ ಊರಿಗೆ ಬಂದಿದ್ದಳು. "ಕೆಲಸ ಹೇಗುಂಟು ಮಗಾ?" ಅಂತ ಕೇಳಿದೆ. ಮುಖ ಅರಳಿತು. "ತುಂಬಾ ಖುಷಿ ಉಂಟು ಮಾಮ. ನಮ್ಮ ಸೂಪರಿಂಟೆಂಡೆಂಟ್ ಅವರ ಪಾಸ್‌ವರ್ಡನ್ನೇ ನನಗೆ ಕೊಟ್ಟಿದ್ದಾರೆ. ಓಟಿಪಿ ಬಂದ್ರೆ ಫೋನ್ ಮಾಡಿ ಹೇಳ್ತಾರೆ. ಅಷ್ಟು ನಂಬಿಕೆ!"

ನನಗೆ ನಿಂತಲ್ಲೇ ಎದೆ ಧಸಕ್ಕೆಂದಿತು. ಯಾಕೆಂದರೆ ಇದೇ ಖುಷಿಯನ್ನು ನಾನೂ ಹತ್ತು ವರ್ಷ ಪಟ್ಟವನು. ಅದಕ್ಕೆ ಕೊಟ್ಟ ಬೆಲೆ ಎಷ್ಟು ಅಂತ ಇದುವರೆಗೆ ಎಲ್ಲೂ ಬರೆದಿರಲಿಲ್ಲ. ಈಗ ನಿವೃತ್ತನಾಗಿದ್ದೇನೆ. ಬರೆಯುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು 2003ರಲ್ಲಿ, ಘಟ್ಟದ ಮೇಲಿನ ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗಕ್ಕೆ, ದ್ವಿತೀಯ ದರ್ಜೆ ಸಹಾಯಕನಾಗಿ. ಹೆಸರು ಬೇಡ. ನಾನು ಹೇಳುವ ಕತೆ ಒಂದು ಕಟ್ಟಡದ್ದಲ್ಲ. ವರ್ಷಾನುಗಟ್ಟಲೆ ತುಂಬದೆ ಬಿಟ್ಟಿದ್ದ ಪರಿಶಿಷ್ಟರ ಹುದ್ದೆಗಳನ್ನು ತುಂಬಲು ಸರ್ಕಾರ 2001ರಲ್ಲಿ ವಿಶೇಷ ನೇಮಕಾತಿ ನಿಯಮ ತಂದಿತ್ತಲ್ಲ, ಆ ಬಾಗಿಲಿನಿಂದ ಒಳಗೆ ಹೋದವನು ನಾನು. ವಯೋಮಿತಿ ಮುಗಿಯಲು ಇನ್ನು ಸ್ವಲ್ಪವೇ ಬಾಕಿ ಇತ್ತು. ಅಲ್ಲಿವರೆಗೆ ಉಡುಪಿಯಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿ ಅಂತ ದಿನ ದೂಡಿದ್ದೆ. ಅಮ್ಮ ಬೀಡಿ ಕಟ್ಟಿ ನನ್ನ ಟೈಪಿಂಗ್ ಕ್ಲಾಸಿನ ಫೀಸು ಕಟ್ಟಿದ್ದರು.

ನಮ್ಮ ಕರಾವಳಿಯಲ್ಲಿ ಕುದ್ಮುಲ್ ರಂಗರಾಯರ ಆಸೆ ಎಲ್ಲರಿಗೂ ಗೊತ್ತು. ದಲಿತರ ಮಗುವೊಂದು ಅಧಿಕಾರಿಯಾಗಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಅಂತ ಬಯಸಿದವರು ಅವರು. ನಾನು ಬಸ್ಸಿನಲ್ಲಿ ಘಟ್ಟ ಹತ್ತಿದವನು, ಆದರೂ ಆ ದಿನ ಅವರನ್ನು ನೆನೆಸಿಕೊಂಡೆ. ಕುರ್ಚಿ ಸಿಕ್ಕಿತಲ್ಲ ಅಂತ.

ಕುರ್ಚಿ ಸಿಕ್ಕಿದ್ದು ಹೌದು. ಹೆಸರು ಸಿಕ್ಕಲಿಲ್ಲ. ಮೊದಲ ವಾರದಿಂದಲೇ ನನಗೆ 'ಬ್ಯಾಕ್‌ಲಾಗ್' ಅಂತ ಹೆಸರು. "ಆ ಫೈಲು ಬ್ಯಾಕ್‌ಲಾಗ್ ಹತ್ರ ಐತೆ ನೋಡ್ರಿ" ಅನ್ನುತ್ತಿದ್ದರು. ಯಾರೂ ಬೈಯಲಿಲ್ಲ, ಯಾರೂ ಜಾತಿ ಎತ್ತಲಿಲ್ಲ. ಆದರೆ ನನ್ನ ಟೇಬಲಿಗೆ ಫೈಲು ಬರುವಾಗ ಕೈಗೆ ಬರುತ್ತಿರಲಿಲ್ಲ, ಮೇಜಿನ ಮೂಲೆಗೆ ಬೀಳುತ್ತಿತ್ತು. 1917ರಲ್ಲಿ ಕೊಲಂಬಿಯಾದಲ್ಲಿ ಓದಿ ಬಂದ ಬಾಬಾಸಾಹೇಬರಿಗೆ ಬರೋಡಾದ ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದ ಎಸೆಯುತ್ತಿದ್ದರು. ನನ್ನ ಕಾಲಕ್ಕೆ ಎಸೆತ ನಿಂತಿತ್ತು. 'ಇಡುವುದು' ಶುರುವಾಗಿತ್ತು, ಅಷ್ಟೇ ವ್ಯತ್ಯಾಸ.

ಹಾಗಿರುವಾಗ ನಮ್ಮ ವಿಭಾಗಕ್ಕೆ ಕಂಪ್ಯೂಟರ್ ಬಂತು.

ನನಗೆ ಆದ ಸಂತೋಷ ಹೇಳಿ ಮುಗಿಯುವುದಿಲ್ಲ ಮಾರಾಯ್ರೆ. ಟೈಪ್‌ರೈಟರ್ ಬೆರಳುಗಳು ನನ್ನವು. ಆದರೆ 'ನುಡಿ'ಯ ಕೀಲಿಮಣೆ ಬೇರೆ. ಅದು ನಮ್ಮ ಕಡೆಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಹಳೆ ಬೆರಳುಗಳನ್ನು ಮರೆಸಿ ಹೊಸ ಬೆರಳು ಕಲಿಸಲು ನನಗೆ ಮೂರು ತಿಂಗಳು ಹಿಡಿಯಿತು. ಸಂಜೆ ಎಲ್ಲರೂ ಹೋದ ಮೇಲೆ ಅಟೆಂಡರನ್ನು ಕಾಡಿ ಬೇಡಿ ಬೀಗ ಹಾಕುವುದನ್ನು ತಡ ಮಾಡಿಸುತ್ತಿದ್ದೆ. ಎಕ್ಸೆಲ್ ಕಲಿತೆ. ನುಡಿಯ ಹಳೆ ಅಕ್ಷರಗಳಲ್ಲಿ ಹೊಡೆದ ಕಡತವನ್ನು ಯೂನಿಕೋಡ್‌ಗೆ ಬದಲಾಯಿಸುವಾಗ ಯಾವ ಒತ್ತಕ್ಷರ ಎಲ್ಲಿ ಹಾಳಾಗುತ್ತದೆ ಅಂತ ಕಣ್ಣುಮುಚ್ಚಿ ಹೇಳುವಷ್ಟು ಕಲಿತೆ. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು. ಈ ಯಂತ್ರಕ್ಕೆ ಜಾತಿ ಗೊತ್ತಿಲ್ಲ. ಸರಿ ಒತ್ತಿದರೆ ಸರಿ ಬರ್ತದೆ, ತಪ್ಪು ಒತ್ತಿದರೆ ತಪ್ಪು ಬರ್ತದೆ. ಇಷ್ಟು ನ್ಯಾಯವಂತ ಮೇಲಧಿಕಾರಿ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ಒಂದು ವಿಷಯ ಮಾತ್ರ ಆಗಲೇ ಕಣ್ಣಿಗೆ ಬಿದ್ದಿತ್ತು. ತರಬೇತಿಗೆ ಹೆಸರು ಕಳಿಸುವಾಗ ನಮ್ಮ ಹೆಸರು ಇರುತ್ತಿರಲಿಲ್ಲ. ಬೆಂಗಳೂರು, ಮೈಸೂರು ಅಂತ ಮೂರು ದಿನ, ಐದು ದಿನದ ತರಬೇತಿ. ಟಿಎ ಡಿಎ ಇದೆ, ಸರ್ಟಿಫಿಕೇಟ್ ಇದೆ, ಗ್ರೂಪ್ ಫೋಟೋ ಇದೆ. ಅದಕ್ಕೆ ಹೋಗುವವರು ಅದೇ ನಾಲ್ಕು ಜನ. ಬಂದ ಮೇಲೆ ಕೆಲಸ ಮಾಡುವವನು ನಾನು. ಕಲಿತವರು ಒಬ್ಬರು, ಮಾಡುವವರು ಇನ್ನೊಬ್ಬರು! 2012ರಲ್ಲಿ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ ಬಂತು, ಬಡ್ತಿಗೆ ಅದು ಬೇಕೇ ಬೇಕು ಅಂತ ಆಯ್ತು. ನಾನೂ ಬರೆದೆ, ಪಾಸಾದೆ. ಪಾಸಾಗದವರಿಗೆ ಗಡುವು ಮತ್ತೆ ಮತ್ತೆ ಮುಂದೆ ಹೋಯ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಂಪ್ಯೂಟರ್ ಬರುವುದಿಲ್ಲ ಎನ್ನುವುದಕ್ಕೂ ಎರಡು ಬೆಲೆ ಉಂಟು. "ನನಗೆ ಇದೆಲ್ಲ ಬರಲ್ಲಪ್ಪ" ಅಂತ ಮೇಲಿನವರು ನಗುತ್ತಾ ಹೇಳಿದರೆ ಅದು ಹಿರಿತನ. ಅದೇ ಮಾತನ್ನು ನಮ್ಮವರು ಹೇಳಿದರೆ "ಮೀಸಲಾತಿಯಲ್ಲಿ ಬಂದವರಲ್ವಾ" ಅನ್ನುತ್ತಾರೆ. ಹಾಗಾಗಿ ನಮಗೆ ಬಾರದೇ ಇರುವ ಅವಕಾಶವೇ ಇರಲಿಲ್ಲ.

ಸರಿ, ನನಗೆ ಬಂತು. ಎಲ್ಲರಿಗೂ ಬೇಕಾದವನಾದೆ. 'ಬ್ಯಾಕ್‌ಲಾಗ್' ಹೋಗಿ 'ಸಿಸ್ಟಮ್ ನೋಡೋರು' ಆದೆ. ಬೆಳಿಗ್ಗೆ ಹೋದರೆ ನಾಲ್ಕು ಟೇಬಲಿನಿಂದ ಕರೆ. ಅಧೀಕ್ಷಕರ ಪಾಸ್‌ವರ್ಡ್, ಪಕ್ಕದ ವಿಭಾಗದ ಇಬ್ಬರದ್ದು, ಒಬ್ಬ ಸಹಾಯಕ ಕುಲಸಚಿವರದ್ದು, ಎಲ್ಲ ನನ್ನ ತಲೆಯಲ್ಲಿ. ಮಗಳ ಹೆಸರು, ಮನೆದೇವರ ಹೆಸರು, ಹುಟ್ಟಿದ ಇಸವಿ. ಅವರ ಮನೆಯೊಳಗೆ ಬರಲು ನನಗೆ ಅವಕಾಶ ಇತ್ತೋ ಇಲ್ಲವೋ, ಅವರ ಮನೆದೇವರ ಹೆಸರನ್ನು ದಿನಕ್ಕೆ ಹತ್ತು ಸಲ ನನ್ನ ಬೆರಳು ಹೊಡೆಯುತ್ತಿತ್ತು.

ಸುಳ್ಳು ಯಾಕೆ ಹೇಳಲಿ, ಆಗ ನಾನು ಬಹಳ ಖುಷಿಯಲ್ಲಿದ್ದೆ. ಕೆಲಸದಲ್ಲಿ ತೃಪ್ತಿ ಎಂದರೆ ಇದೇ ಅಂದುಕೊಂಡಿದ್ದೆ. ನಾನಿಲ್ಲದೆ ಒಂದು ಫಲಿತಾಂಶ ಹೊರಗೆ ಹೋಗುವುದಿಲ್ಲ ಎಂಬ ಜಂಬ ಕೂಡ ಇತ್ತು. ರಾತ್ರಿ ಎಂಟಾದರೂ ಬೇಸರ ಇಲ್ಲ. ಶನಿವಾರ ಊರಿನ ಬಸ್ಸು ತಪ್ಪಿದರೂ ಬೇಸರ ಇಲ್ಲ. ಆದರೆ ಆ ಕೆಲಸ ಯಾವುದೂ ನನ್ನ ಹೆಸರಿನಲ್ಲಿ ಇರಲಿಲ್ಲ. ಪರದೆಯ ಮೂಲೆಯಲ್ಲಿ ಯಾರ ಹೆಸರು ಇರುತ್ತದೋ ಕೆಲಸ ಅವರದ್ದು. ಒಂದು ವರ್ಷ ಫಲಿತಾಂಶ ಬೇಗ ಕೊಟ್ಟದ್ದಕ್ಕೆ ನಮ್ಮ ವಿಭಾಗಕ್ಕೆ ಪ್ರಶಂಸಾ ಪತ್ರ ಬಂತು, ಅಧೀಕ್ಷಕರ ಹೆಸರಿನಲ್ಲಿ. ಆ ಪತ್ರ ಟೈಪ್ ಮಾಡಿದ್ದೂ ನಾನೇ!

ನಮ್ಮ ಅಜ್ಜಂದಿರ ಕಾಲದಲ್ಲಿ ಇದಕ್ಕೆ ಬಿಟ್ಟಿ ಚಾಕರಿ ಅನ್ನುತ್ತಿದ್ದರು. ಗದ್ದೆ ಒಬ್ಬರದ್ದು, ಬೆನ್ನು ಇನ್ನೊಬ್ಬರದ್ದು. ನನಗೆ ಸಂಬಳ ಬರುತ್ತಿತ್ತು, ಹಾಗಾಗಿ ಚಾಕರಿ ಅಂತ ಗೊತ್ತಾಗಲು ತಡವಾಯಿತು.

ಗೊತ್ತಾದದ್ದು 2018ರಲ್ಲಿ. ಇನ್ನು ಮುಂದಿನದ್ದು ನನ್ನ ತಪ್ಪಿನ ಕತೆ.

ಆಗ ಎಲ್ಲರ ತಲೆಯಲ್ಲೂ ಜ್ಯೇಷ್ಠತಾ ಪಟ್ಟಿ. 2017ರ ಫೆಬ್ರವರಿಯಲ್ಲಿ ಬಿ.ಕೆ. ಪವಿತ್ರಾ ಪ್ರಕರಣದ ತೀರ್ಪು ಬಂದು, ಬಡ್ತಿ ಮೀಸಲಾತಿಯಲ್ಲಿ ಮೇಲೆ ಹೋದವರ ಜ್ಯೇಷ್ಠತೆ ಕಾಯುವ 2002ರ ಕಾಯ್ದೆ ಬಿದ್ದುಹೋಗಿತ್ತು. ರಾಜ್ಯದಲ್ಲೆಲ್ಲ ಪಟ್ಟಿಗಳನ್ನು ತಿದ್ದುತ್ತಿದ್ದರು, ನಮ್ಮವರಿಗೆ ಹಿಂಬಡ್ತಿ ಆಗುತ್ತಿತ್ತು. (ಸರ್ಕಾರ ತಂದ ಹೊಸ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2019ರ ಮೇ 10ರಂದು.) ಇಂಥ ಹೊತ್ತಿನಲ್ಲಿ ಒಳ್ಳೆಯವನು ಅನ್ನಿಸಿಕೊಳ್ಳಬೇಕು ಅಂತ ನಾನು ಇನ್ನೂ ಹೆಚ್ಚು ಕೆಲಸ ಎಳೆದುಕೊಂಡೆ.

ಒಂದು ರಾತ್ರಿ, ಅಧೀಕ್ಷಕರ ಲಾಗಿನ್‌ನಲ್ಲಿ ಒಂದು ಕಾಲೇಜಿನ ಆಂತರಿಕ ಅಂಕಗಳನ್ನು ಏರಿಸುತ್ತಿದ್ದೆ. ಅದು ನನ್ನ ಟೇಬಲಿನ ಕೆಲಸ ಅಲ್ಲ. ರಿಜಿಸ್ಟರ್ ನಂಬರುಗಳು ಅನುಕ್ರಮದಲ್ಲಿ ಇರಲಿಲ್ಲ. ಸಾರ್ಟ್ ಮಾಡಿದೆ. ಎಕ್ಸೆಲ್ ಬಳಸುವವರಿಗೆ ಗೊತ್ತು, ಒಂದೇ ಕಾಲಂ ಆರಿಸಿ ಸಾರ್ಟ್ ಮಾಡಲು ಹೋದರೆ ಅದು ಕೇಳುತ್ತದೆ, ಪಕ್ಕದ ಕಾಲಂಗಳನ್ನೂ ಸೇರಿಸಬೇಕಾ ಅಂತ. ನಿದ್ದೆಗಣ್ಣಿನಲ್ಲಿ ತಪ್ಪು ಆಯ್ಕೆ ಒತ್ತಿದೆ. ನಂಬರುಗಳು ಸಾಲಾಗಿ ನಿಂತವು, ಅಂಕಗಳು ಇದ್ದಲ್ಲೇ ಉಳಿದವು. 42 ಮಕ್ಕಳ ಅಂಕ ಅದಲುಬದಲು. ನೋಡಲು ಮಾತ್ರ ಎಲ್ಲ ಅಚ್ಚುಕಟ್ಟು.

ಹೆಚ್ಚಿನವರಿಗೆ ಒಂದೆರಡು ಅಂಕ ಹೆಚ್ಚುಕಡಿಮೆ, ಯಾರೂ ಕೇಳಲಿಲ್ಲ. ಒಬ್ಬ ಹುಡುಗಿಯ ನಂಬರಿನ ಎದುರು ಇನ್ಯಾರದ್ದೋ 'ಗೈರು' ಬಂದು ಕೂತಿತ್ತು. ಕೊನೆಯ ಸೆಮಿಸ್ಟರ್. ಅವಳ ಫಲಿತಾಂಶ ತಡೆಹಿಡಿಯಲಾಯಿತು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ ಇದ್ದ ಹುಡುಗಿ, ತಾಯಿ ಕೂಲಿ. ಅರ್ಜಿ ಹಿಡಿದು ನಾಲ್ಕು ಸಲ ಬಂದಿದ್ದಳಂತೆ. ಕೌಂಟರಿನಲ್ಲಿ ಅವಳಿಗೆ ಸಿಕ್ಕ ಉತ್ತರ, "ಸಿಸ್ಟಮ್‌ನಲ್ಲಿ ಹಾಗೇ ಇದೆ." ಐದನೇ ಸಲ ಬಂದಾಗ ನನ್ನ ಹತ್ತಿರ ಕಳಿಸಿದರು. ಮೂಲ ಹಾಳೆ ತೆಗೆದು ನೋಡಿದೆ. 30ಕ್ಕೆ 24 ಬಂದಿತ್ತು ಅವಳಿಗೆ. ಅಷ್ಟರಲ್ಲಿ ಬಿ.ಎಡ್ ಅರ್ಜಿಯ ಕೊನೆ ದಿನ ಕಳೆದುಹೋಗಿತ್ತು.

ಒಂದು ವರ್ಷ. ನಮ್ಮ ಮನೆಗಳಲ್ಲಿ ಹೆಣ್ಣುಮಗಳಿಗೆ ಒಂದು ವರ್ಷ ಸುಮ್ಮನೆ ಮನೆಯಲ್ಲಿ ಕೂರುವುದು ಅಂದರೆ ಎಂತ ಅಂತ ನಿಮಗೆ ನಾನು ಹೇಳಬೇಕಾ?

ತಪ್ಪು ನನ್ನದು ಅಂತ ನಾನೇ ಬರೆದುಕೊಟ್ಟೆ. ವಿಚಾರಣೆಗೆ ಕರೆದರು. ದಾಖಲೆಯಲ್ಲಿ ಇದ್ದದ್ದು ಅಧೀಕ್ಷಕರ ಐಡಿ. ಮೇಲಿನವರು ಕೇಳಿದ ಪ್ರಶ್ನೆ ಒಂದೇ. "ಅವರ ಲಾಗಿನ್ ಮುಟ್ಟಿದ್ದು ಯಾರು?" ಪಾಸ್‌ವರ್ಡ್ ಕೊಟ್ಟದ್ದು ಯಾರು ಅಂತ ಕೇಳಲಿಲ್ಲ. ಆ ಟೇಬಲಿನ ಕೆಲಸ ಹತ್ತು ವರ್ಷದಿಂದ ಯಾರು ಮಾಡುತ್ತಿದ್ದಾರೆ ಅಂತ ಕೇಳಲಿಲ್ಲ. ಅಧೀಕ್ಷಕರು ಎದೆ ಮುಂದೆ ಮಾಡಿ ಹೇಳಿದರು, "ನಾನು ಕಂಪ್ಯೂಟರ್ ಮುಟ್ಟೋದೇ ಇಲ್ಲ ಸಾರ್." ಅವರಿಗೆ ಬಾರದ್ದೇ ಅವರ ರಕ್ಷಣೆ ಆಯಿತು. ನನಗೆ ಬಂದದ್ದೇ ನನ್ನ ಅಪರಾಧ ಆಯಿತು.

ಆ 'ಮುಟ್ಟು' ಎಂಬ ಶಬ್ದ ಕೇಳಿದಾಗ ಮೈಯಲ್ಲಿ ಆದದ್ದನ್ನು ಬರೆಯಲು ನನಗೆ ಆಗುವುದಿಲ್ಲ. ನಮ್ಮವರು ಅರ್ಥ ಮಾಡಿಕೊಳ್ಳುತ್ತೀರಿ.

ನನ್ನ ಒಂದು ವೇತನ ಬಡ್ತಿ ತಡೆದರು. ಅದರ ಬಗ್ಗೆ ದೂರಿಲ್ಲ, ತಪ್ಪು ಮಾಡಿದ್ದೆ. ಆ ಹುಡುಗಿಯ ಊರಿಗೆ ಹೋಗಿ ಕ್ಷಮೆ ಕೇಳಿದೆ. ಅವಳು ಏನೂ ಹೇಳಲಿಲ್ಲ, ಅವಳಮ್ಮ ಚಹಾ ಕೊಟ್ಟರು. ಆ ಚಹಾ ಇವತ್ತಿಗೂ ಗಂಟಲಲ್ಲೇ ಉಂಟು. ಮುಂದಿನ ವರ್ಷ ಅವಳು ಬಿ.ಎಡ್ ಸೇರಿದಳು ಅಂತ ತಿಳಿದ ದಿನ ನಾನು ನಿದ್ದೆ ಮಾಡಿದೆ.

ಆಮೇಲೆ ಕುಲಸಚಿವರಿಗೆ ಒಂದು ಪತ್ರ ಬರೆದೆ. ಎರಡೇ ಪುಟ. ಮೂರು ಬೇಡಿಕೆ. ಒಂದು, ಕೆಲಸ ಮಾಡುವ ಪ್ರತಿಯೊಬ್ಬರಿಗೂ ಅವರವರ ಹೆಸರಿನಲ್ಲೇ ಲಾಗಿನ್ ಕೊಡಬೇಕು. ಎರಡು, ಯಾರು ಯಾವ ಕೆಲಸ ಮಾಡಬೇಕು ಎಂಬ ಕಾರ್ಯಹಂಚಿಕೆ ಆದೇಶ ಲಿಖಿತವಾಗಿ ಇರಬೇಕು. ಮೂರು, ತರಬೇತಿಗೆ ಸರದಿಯ ಪಟ್ಟಿ ಮಾಡಬೇಕು, ಅದರಲ್ಲಿ ಗ್ರೂಪ್ ಡಿ ನೌಕರರೂ ಇರಬೇಕು. ಅವತ್ತಿನಿಂದ ಬೇರೆಯವರ ಪಾಸ್‌ವರ್ಡ್‌ಗೆ ಕೈ ಹಾಕಲಿಲ್ಲ. ಎರಡು ತಿಂಗಳು ಕೆಲಸ ನಿಂತಿತು. "ಸಂಘಟನೆಯವರು, ಇವರದ್ದು ಯಾವಾಗಲೂ ಇದೇ ಗಲಾಟೆ" ಅಂದರು. ಅನ್ನಲಿ ಬಿಡಿ. ಮೊದಲ ಎರಡು ಬೇಡಿಕೆ ನಿಧಾನಕ್ಕೆ ಆದವು. ಮೂರನೆಯದ್ದು ಅರ್ಧ ಆಯ್ತು. ಎರಡು ದಿನದ ತರಬೇತಿ, ನಡುವೆ ಚಹಾ ಬನ್ನು.

ಆದರೆ ಆ ಎರಡು ದಿನದಲ್ಲಿ ಆದದ್ದು ಕೇಳಿ. ನಮ್ಮ ವಿಭಾಗದಲ್ಲಿ ಒಬ್ಬ ಅಟೆಂಡರ್ ಇದ್ದರು, ಗಂಡ ತೀರಿಕೊಂಡು ಅನುಕಂಪದ ಕೆಲಸಕ್ಕೆ ಬಂದ ಹೆಣ್ಣುಮಗಳು. ಏಳನೇ ಕ್ಲಾಸು. ಹದಿನೈದು ವರ್ಷ ನೀರು ಕೊಟ್ಟು, ಫೈಲು ಹೊತ್ತು, ಕಂಪ್ಯೂಟರ್ ಮೇಲಿನ ಧೂಳು ಒರೆಸಿದವರು. ಆನ್ ಮಾಡಲು ಬಿಟ್ಟಿರಲಿಲ್ಲ. ತರಬೇತಿಯಲ್ಲಿ ರಿಜಿಸ್ಟರ್ ನಂಬರ್ ಹೊಡೆದು ಅಂಕಪಟ್ಟಿ ಎಲ್ಲಿದೆ, ಮುದ್ರಣ ಆಗಿದೆಯೋ ಇಲ್ಲವೋ ಅಂತ ನೋಡುವುದು ಕಲಿತರು. ಅವರ ಹೆಸರಿನಲ್ಲೇ ಲಾಗಿನ್, ನೋಡಲು ಮಾತ್ರ, ತಿದ್ದಲು ಆಗುವುದಿಲ್ಲ. ಕೌಂಟರಿನಲ್ಲಿ ಕೂರಿಸಿದರು. ದೂರದ ಊರಿನಿಂದ ಬಂದ ಮಕ್ಕಳಿಗೆ "ನಾಳೆ ಬಾ" ಎನ್ನುವುದು ನಿಂತಿತು. ಮಕ್ಕಳು ಅವರನ್ನು "ಮೇಡಂ" ಅನ್ನತೊಡಗಿದರು. ಹಿಂದೆ ತಿಂಗಳಿಗೆ ಎರಡು ರಜೆ ಹಾಕುತ್ತಿದ್ದವರು, ಆಮೇಲೆ ಜ್ವರ ಬಂದರೂ ಬರುತ್ತಿದ್ದರು. ಒಂದು ರೂಪಾಯಿ ಸಂಬಳ ಹೆಚ್ಚಾಗಿರಲಿಲ್ಲ.

ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಜಾತಿಯನ್ನು ನ್ಯಾಯ-ಅನ್ಯಾಯದ ಪ್ರಶ್ನೆಯಾಗಿ ಮಾತ್ರ ನೋಡಲಿಲ್ಲ. ತಾನು ಆರಿಸಿಕೊಳ್ಳದ, ಗೌರವ ಇಲ್ಲದ ಕೆಲಸಕ್ಕೆ ಮನುಷ್ಯನನ್ನು ಕಟ್ಟಿಹಾಕಿದರೆ ಅವನಿಗೆ ಆ ಕೆಲಸದ ಮೇಲೆ ಹೇಸಿಗೆ ಹುಟ್ಟುತ್ತದೆ, ಮನಸ್ಸೂ ಬುದ್ಧಿಯೂ ಇಲ್ಲದ ಕಡೆ ದಕ್ಷತೆ ಎಲ್ಲಿಂದ ಬರಬೇಕು ಅಂತ ಕೇಳಿದರು. ಈಗ 'ಜಾಬ್ ಸ್ಯಾಟಿಸ್‌ಫ್ಯಾಕ್ಷನ್' ಅಂತ ಸೆಮಿನಾರು ಮಾಡುತ್ತಾರಲ್ಲ, ಅದರ ಮೂಲ ಪಾಠ ಅಲ್ಲೇ ಉಂಟು. ನೌಕರರಿಗೆ ಡಿಜಿಟಲ್ ಕೌಶಲ ಕೊಟ್ಟರೆ ತೃಪ್ತಿ ತಾನಾಗಿ ಬರುತ್ತದೆ ಅನ್ನುವವರಿಗೆ ನನ್ನ ಉತ್ತರ ಇಷ್ಟೇ. ನನಗೆ ಕೌಶಲ ಇತ್ತು, ಹೆಸರು ಇರಲಿಲ್ಲ. ಅದು ತೃಪ್ತಿ ಅಲ್ಲ, ಮತ್ತು. ಆ ಅಟೆಂಡರಮ್ಮನಿಗೆ ಇದ್ದ ಕೌಶಲ ಬೆರಳೆಣಿಕೆಯಷ್ಟು, ಆದರೆ ಅದು ಅವರ ಹೆಸರಿನಲ್ಲಿ ಇತ್ತು.

ಇದು ನಮ್ಮ ನೌಕರರ ಪ್ರಶ್ನೆ ಮಾತ್ರ ಅಲ್ಲ. ಇವತ್ತು ನಮ್ಮ ಮಕ್ಕಳ ಬದುಕು ಇರುವುದೇ ಈ ಪರದೆಗಳ ಮೇಲೆ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ನೋಡಿ. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್, ಆದಾಯದ ಆರ್‌ಡಿ ನಂಬರ್, ಆಧಾರ್‌ನಲ್ಲಿ ಇರುವ ಹೆಸರು, ಕಾಲೇಜಿನ ನೋಂದಣಿ ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಇವುಗಳಲ್ಲಿ ಒಂದು ಕಡೆ ಒಂದಕ್ಷರ ತಪ್ಪಿದರೂ ದುಡ್ಡು ನಿಲ್ಲುತ್ತದೆ. 2021-22ರಿಂದ ರಾಜ್ಯದ ವಿವಿಗಳಿಗೆ ಯುಯುಸಿಎಂಎಸ್ ಬಂತು. ಪ್ರವೇಶದಿಂದ ಅಂಕಪಟ್ಟಿವರೆಗೆ ಒಂದೇ ತಂತ್ರಾಂಶ. ಫಲಿತಾಂಶ ತಡ, ಅಂಕಪಟ್ಟಿ ತಡ ಅಂತ ಮಕ್ಕಳು ಬೀದಿಗಿಳಿದದ್ದು ಪತ್ರಿಕೆಗಳಲ್ಲಿ ನೋಡಿದ್ದೀರಿ. ತಂತ್ರಾಂಶವನ್ನು ಬೈಯುವುದು ಸುಲಭ. ಕೌಂಟರಿನಲ್ಲಿ ಕೂತವರಿಗೆ ಕಲಿಸಿದ್ದೀರಾ, ತಪ್ಪು ಕಂಡರೆ ಹೇಳುವ ಅಧಿಕಾರ ಕೊಟ್ಟಿದ್ದೀರಾ ಅಂತ ಕೇಳುವವರು ಕಡಿಮೆ. ಅಲ್ಲಿ ಕೂತವರಿಗೆ ಕೆಲಸದ ಮೇಲೆ ಮನಸ್ಸಿಲ್ಲದಿದ್ದರೆ ಮೊದಲ ಪೆಟ್ಟು ಬೀಳುವುದು ಐದು ಸಲ ಬಸ್ಸು ಹತ್ತಿ ಬರಲು ದುಡ್ಡಿಲ್ಲದ ನಮ್ಮ ಮಕ್ಕಳಿಗೆ.

ಈಗ ಸಂತೆಯ ಹುಡುಗಿಗೆ ಬರುತ್ತೇನೆ. ನಾನಾದರೂ ಕಾಯಂ ನೌಕರ, ಪತ್ರ ಬರೆಯುವ ಧೈರ್ಯ ಇತ್ತು. ಅವಳು ಹೊರಗುತ್ತಿಗೆ. ವರ್ಷ ವರ್ಷ ಏಜೆನ್ಸಿ ಬದಲಾಗುತ್ತದೆ, ಗುತ್ತಿಗೆ ನವೀಕರಣ ಆಗಬೇಕು. 2024ರ ಮೇ ತಿಂಗಳಲ್ಲಿ ಸರ್ಕಾರ ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು, ಮಹಿಳೆಯರಿಗೆ 33% ಇರಬೇಕು ಅಂತ ಸುತ್ತೋಲೆ ಹೊರಡಿಸಿತು. ಒಳ್ಳೆಯದೇ. ಆದರೆ ಒಳಗೆ ಹೋದ ಮೇಲೆ ಯಾರ ಹೆಸರಿನಲ್ಲಿ ದುಡಿಯುತ್ತಾರೆ ಎಂಬುದನ್ನು ನೋಡುವವರು ಯಾರು? "ಪಾಸ್‌ವರ್ಡ್ ಬೇಡ ಅಂತ ಹೇಳಿ ಬಾ" ಅಂತ ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ಮುಂದಿನ ತಿಂಗಳು ಅವಳ ಜಾಗದಲ್ಲಿ ಬೇರೆಯವರು ಇರ್ತಾರೆ. ಅವಳ ಸಂಬಳದಲ್ಲಿ ಮನೆ ನಡೆಯುತ್ತದೆ.

ಹಾಗಾಗಿ ನನ್ನ ಕತೆ ಪೂರ್ತಿ ಹೇಳಿದೆ. ಸಂತೆಯ ಗದ್ದಲದಲ್ಲಿ, ಮಲ್ಪೆ ರಸ್ತೆಯ ಧೂಳಿನಲ್ಲಿ ನಿಂತುಕೊಂಡೇ ಕೇಳಿದಳು. ಆಮೇಲೆ ಎರಡು ಮಾತು ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಒಂದು, ಬೇರೆಯವರ ಲಾಗಿನ್‌ನಲ್ಲಿ ಕೆಲಸ ಮಾಡಲೇಬೇಕಾಗಿ ಬಂದರೆ, ದಿನದ ಕೊನೆಗೆ ಅವರಿಗೇ ಒಂದು ಮೆಸೇಜೋ ಮೇಲೋ ಕಳಿಸಿ. "ಸಾರ್, ತಾವು ಹೇಳಿದಂತೆ ಇವತ್ತು ತಮ್ಮ ಲಾಗಿನ್‌ನಲ್ಲಿ ಇಷ್ಟು ದಾಖಲೆ ಏರಿಸಿದ್ದೇನೆ, ದಯವಿಟ್ಟು ಪರಿಶೀಲಿಸಿ." ವಿನಯದಿಂದಲೇ ಬರೆಯಿರಿ, ಯಾರಿಗೂ ಬೇಸರ ಆಗುವುದಿಲ್ಲ. ಆದರೆ ನಾಳೆ "ಮುಟ್ಟಿದ್ದು ಯಾರು?" ಅಂತ ಕೇಳಿದಾಗ "ಹೇಳಿದ್ದು ಯಾರು?" ಎಂಬುದಕ್ಕೂ ಉತ್ತರ ಇರುತ್ತದೆ.

ಎರಡು, ಕಾಯಂ ಕೆಲಸದಲ್ಲಿ ಇರುವ ನಮ್ಮವರು ದಯವಿಟ್ಟು ಬಾಯಿ ಬಿಡಿ. ಲಿಖಿತ ಕಾರ್ಯಹಂಚಿಕೆ, ಸ್ವಂತ ಹೆಸರಿನ ಲಾಗಿನ್, ಸರದಿ ಪ್ರಕಾರ ತರಬೇತಿ, ಈ ಮೂರನ್ನು ನೌಕರರ ಸಂಘದ ಸಭೆಯಲ್ಲಿ ಎತ್ತಿ. ಹೊರಗುತ್ತಿಗೆಯವರ ಪರವಾಗಿಯೂ ಎತ್ತಿ. ಅವರಿಗೆ ಕೇಳುವ ಧೈರ್ಯ ಇಲ್ಲ ಅಂತಲ್ಲ, ಕೇಳಿದರೆ ಉಳಿಯುವ ಕೆಲಸ ಇಲ್ಲ.

ನಿನ್ನೆ ರಾತ್ರಿ ಅವಳ ಮೆಸೇಜ್ ಬಂತು. ಮೊದಲ ಮೇಲ್ ಕಳಿಸಿದ್ದಾಳೆ. ಸೂಪರಿಂಟೆಂಡೆಂಟ್ ಇನ್ನೂ ಉತ್ತರ ಕೊಟ್ಟಿಲ್ಲವಂತೆ. "ಹೆದರಿಕೆ ಆಗ್ತಾ ಉಂಟು ಮಾಮ" ಅಂತ ಬರೆದಿದ್ದಾಳೆ. ನನಗೂ ಆಗ್ತಾ ಉಂಟು. ಆದರೆ ಆ ಮೇಲಿನ ಕೆಳಗೆ ಅವಳ ಹೆಸರು ಉಂಟಲ್ಲ, ಅದನ್ನು ಎರಡು ಸಲ ಓದಿದೆ.

ಜೈ ಭೀಮ್.